'ಆರಾಮ ಅದೀನಿ ಬೇ ಯವ್ವ': ಗಡಿಯಿಂದ ನಮ್ಮ ಕಡೆಗೆ ಸುದ್ದಿ ಬಂದ ದಾರಿ

ಆಳಂದ, ಚಿಂಚೋಳಿ, ಭಾಲ್ಕಿ, ಸುರಪುರ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಈ ತಾಲೂಕುಗಳ ಎಷ್ಟೋ ಊರುಗಳಲ್ಲಿ ಸೈನ್ಯದಲ್ಲೋ ಬಿಎಸ್‌ಎಫ್‌ನಲ್ಲೋ ಸಿಆರ್‌ಪಿಎಫ್‌ನಲ್ಲೋ ಮಗನಿರುವ ಮನೆ ಸಿಗುತ್ತದೆ. ಮಗ ಎಲ್ಲಿದ್ದಾನೆ ಅಂತ ಕೇಳಿದರೆ 'ಜಮ್ಮು ಕಡೆ' ಅಂತಾರೆ. ಇಲ್ಲ, 'ಆಸಾಮ್ ಕಡೆ'. ಜಮ್ಮುವಿನಲ್ಲಿ ಎಲ್ಲಿ, ದಿನವಿಡೀ ಏನು ಕೆಲಸ, ಮಲಗುವುದು ಡೇರೆಯಲ್ಲೋ ಬಂಕರ್‌ನಲ್ಲೋ ಎಂದು ಕೇಳಿದರೆ ಉತ್ತರ ಇರುವುದಿಲ್ಲ. 'ಡ್ಯೂಟಿ ಮ್ಯಾಲೆ ಅದಾನ' ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಊರೂರಿಗೆ ಮೊಬೈಲ್ ಬಂದು ಎರಡು ದಶಕವಾಯಿತು. ಈಗಲೂ ಈ ಮನೆಗಳಿಗೆ ಸುದ್ದಿ ಬರುವುದು ಎರಡೇ ಕಡೆಯಿಂದ. ಒಂದು ಮಗನ ಬಾಯಿ, ಇನ್ನೊಂದು ಟಿವಿ. ಮಗ ಕಡಿಮೆ ಹೇಳುತ್ತಾನೆ, ಟಿವಿ ಜಾಸ್ತಿ ಹೇಳುತ್ತದೆ. ಸೇನೆ ತಾನಾಗಿ ಹಳ್ಳಿಯ ಮನೆಗೆ ಸುದ್ದಿ ಮುಟ್ಟಿಸುವುದು ಹೆಚ್ಚಾಗಿ ಕೆಟ್ಟದ್ದು ಆದಾಗ ಮಾತ್ರ. ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ.

ಮೊದಲ ಮಹಾಯುದ್ಧದಿಂದಲೇ ನೋಡಬಹುದು. 1914ರಲ್ಲಿ ಭಾರತದ ಸಿಪಾಯಿಗಳು ಫ್ರಾನ್ಸಿಗೆ ಹೋದರು. ಬಹಳ ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಪಲ್ಟಣಿನಲ್ಲಿ ಬರೆಯಲು ಬಲ್ಲ ಒಬ್ಬನ ಮುಂದೆ ಕೂತು ಹೇಳಿ ಬರೆಸುತ್ತಿದ್ದರು. ಬರೆದದ್ದನ್ನು ಮೊದಲು ಪಲ್ಟಣಿನ ಅಧಿಕಾರಿ ಓದಬೇಕು. ಆಮೇಲೆ ಫ್ರಾನ್ಸಿನಲ್ಲೇ ಇದ್ದ ಸೆನ್ಸಾರ್ ಕಚೇರಿ ಓದಬೇಕು. ಅದರ ಮುಖ್ಯಸ್ಥ ಇವ್ಲಿನ್ ಹೋವೆಲ್ ಎಂಬ ಅಧಿಕಾರಿ. ಊರಿಗೆ ಬಂದ ಮೇಲೆ ಓದಲು ಬಲ್ಲ ಇನ್ನೊಬ್ಬರು ಬೇಕು. ಗಂಡ ಹೆಂಡತಿಯ ನಡುವಿನ ಮಾತಿಗೆ ಇಷ್ಟು ಜನರ ಕಿವಿ! ಇನ್ನು ಅದರಲ್ಲಿ 'ಕ್ಷೇಮ' ಬಿಟ್ಟು ಬೇರೇನು ಬರೆಯುತ್ತಾರೆ?

ಆದರೂ ಬರೆದರು, ಗುಟ್ಟಾಗಿ. ಕರಿಮೆಣಸು ಮುಗಿದಿದೆ, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಎಂಬರ್ಥದ ಸಾಲುಗಳು ಆ ಪತ್ರಗಳಲ್ಲಿ ಸಿಗುತ್ತವೆ. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿ ಸೈನಿಕರು. ನಮ್ಮವರು ತುಂಬ ಜನ ಸತ್ತರು, ಇನ್ನು ಬರಬೇಡಿ ಎಂದು ಊರಿನ ಹುಡುಗರಿಗೆ ಹೇಳುವ ಉಪಾಯ ಇದು. ಸೆನ್ಸಾರಿನವರಿಗೂ ಇದು ಗೊತ್ತಾಗಿತ್ತು. ಅವರ ವರದಿಗಳಲ್ಲಿ ಉಳಿದಿದ್ದರಿಂದಲೇ ಇವತ್ತು ನಮಗೂ ಗೊತ್ತು.

ಆಗ ಬೀದರ್, ಗುಲ್ಬರ್ಗ ನಿಜಾಮನ ಸೀಮೆ. ಯಾದಗಿರಿ ಗುಲ್ಬರ್ಗದೊಳಗೇ ಇತ್ತು. ನಿಜಾಮನ ಸಂಸ್ಥಾನದಿಂದಲೂ ಹೈದರಾಬಾದ್ ಲ್ಯಾನ್ಸರ್ಸ್ ಎಂಬ ಕುದುರೆ ಪಡೆ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು, ಪ್ಯಾಲೆಸ್ಟೈನಿನಲ್ಲಿ ಹೋರಾಡಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಪಡೆಗಳ ಗುರುತು. ಮೈಸೂರಿನ ಕಥೆ ನಮ್ಮ ಪುಸ್ತಕಗಳಲ್ಲಿ ಆಗಾಗ ಬರುತ್ತದೆ, ಹೈದರಾಬಾದಿನದು ಅಷ್ಟಾಗಿ ಬರುವುದಿಲ್ಲ. ಇರಲಿ. ನಮ್ಮ ಸೀಮೆಗೆ ಇನ್ನೊಂದು ತೊಡಕಿತ್ತು. ಸಂಸ್ಥಾನದ ಕಚೇರಿ, ಶಾಲೆಗಳಲ್ಲಿ ಹೆಚ್ಚಾಗಿ ಉರ್ದು. ಮನೆಯ ಮಾತು ಕನ್ನಡ. ಓದಿದ ಹುಡುಗ ಉರ್ದುವಿನಲ್ಲಿ ಬರೆದರೆ ಅವನ ತಾಯಿಗೆ ಅದನ್ನು ಓದುವವರೂ ಬೇಕು, ಕನ್ನಡ ಮಾಡಿ ಹೇಳುವವರೂ ಬೇಕು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತಕ್ಕೆ ಸೇರಿತು. ಅಲ್ಲಿಂದ ಮುಂದೆ ನಮ್ಮ ಹುಡುಗರು ಹೊರಟಿದ್ದು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಗೆ, ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟಿಗೆ, ಬೆಂಗಳೂರಿನ ಎಂಇಜಿಗೆ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ.

ಅವರ ಪತ್ರದ ಮೇಲಿನ ವಿಳಾಸವನ್ನು ಒಮ್ಮೆ ನೋಡಬೇಕು. ಮೊದಲು ಸೇನಾ ನಂಬರ್, ಆಮೇಲೆ ಹುದ್ದೆ, ಹೆಸರು, ಯೂನಿಟ್. ಕೊನೆಗೆ 9ರಿಂದ ಶುರುವಾಗುವ ಆರಂಕಿಯ ಪಿನ್, ಕೇರ್ ಆಫ್ 56 ಎಪಿಒ (ಸೇನಾ ಅಂಚೆ ಕಚೇರಿ). ಇಲ್ಲವೇ 99 ಎಪಿಒ. ಊರಿಲ್ಲ, ಜಿಲ್ಲೆಯಿಲ್ಲ, ರಾಜ್ಯವೂ ಇಲ್ಲ. ನಮ್ಮಂಥವರ ಕಾಗದ ಊರಿನ ಹೆಸರು ಹಿಡಿದು ಹೋಗುತ್ತದೆ. ಇದು ಹಾಗಲ್ಲ. 56 ಎಪಿಒ ಎಂದಿದ್ದರೆ ದೆಹಲಿಯ ಮೂಲ ಅಂಚೆ ಕಚೇರಿಗೆ, 99 ಎಂದಿದ್ದರೆ ಕೋಲ್ಕತ್ತದ ಕಚೇರಿಗೆ ಹೋಗುತ್ತದೆ. ಯಾವ ಯೂನಿಟ್ ಈಗ ಎಲ್ಲಿದೆ ಎಂಬುದು ಅಲ್ಲಿನವರಿಗೆ ಗೊತ್ತು. ಅಲ್ಲಿಂದ ಫೀಲ್ಡ್ ಪೋಸ್ಟ್ ಆಫೀಸಿಗೆ, ಅಲ್ಲಿಂದ ಹುಡುಗನ ಕೈಗೆ. ಯೂನಿಟ್ ಪಂಜಾಬಿನಿಂದ ಲಡಾಖಿಗೆ ಹೋದರೂ ತಾಯಿ ಬರೆಯುವ ಲಕೋಟೆಯ ಮೇಲೆ 56 ಎಪಿಒ ಹಾಗೇ ಇರುತ್ತದೆ. ಶತ್ರುವಿನ ಕಣ್ಣಿಗೆ ಬೀಳದಿರಲಿ ಅಂತ ಮಾಡಿದ ಏರ್ಪಾಡು ಇದು, ಅಚ್ಚುಕಟ್ಟಾಗಿದೆ. ಆದರೆ ತಾಯಿಯ ಕಣ್ಣಿಗೂ ಬೀಳುವುದಿಲ್ಲ. ಮೋಟಾಗಿ ಪೂರ್ವವೋ, ಉತ್ತರ ಪಶ್ಚಿಮವೋ ಎಂದು ಊಹಿಸಬಹುದು, ಅಷ್ಟೇ. ಸೈನ್ಯದ ಅಂಚೆ 1972ರ ಮಾರ್ಚ್ 1ರಂದು ಸೇನೆಯೊಳಗೆ ತನ್ನದೇ ಕೋರ್, ಅಂದರೆ ಪ್ರತ್ಯೇಕ ವಿಭಾಗ ಆಯಿತು. ಅದೇ ವರ್ಷ ಆಗಸ್ಟ್ 15ಕ್ಕೆ ದೇಶಕ್ಕೆಲ್ಲ ಪಿನ್ ಕೋಡ್ ಬಂತು, ಒಂಬತ್ತನೇ ವಲಯವನ್ನು ಸೈನ್ಯಕ್ಕೇ ಬಿಟ್ಟರು.

ಪತ್ರಕ್ಕಿಂತ ನಂಬಿಕೆಯ ಸುದ್ದಿ ಒಂದಿತ್ತು. ಮನಿಯಾರ್ಡರ್. ಆ ಫಾರಮ್ಮಿನ ಕೆಳಗೆ ಸಂದೇಶ ಬರೆಯಲು ಸಣ್ಣ ತುಂಡು ಜಾಗ ಇರುತ್ತಿತ್ತು. ನಾಲ್ಕು ಸಾಲು ಹಿಡಿಸಿದರೆ ಹೆಚ್ಚು. 'ನಾನು ಕ್ಷೇಮ. ಅಪ್ಪನ ಔಷಧ ತರಿಸಿರಿ. ದೀಪಾವಳಿಗೆ ರಜೆ ಸಿಗೋದಿಲ್ಲ.' ಪೋಸ್ಟ್‌ಮನ್ ಕಟ್ಟೆಯ ಮೇಲೆ ಕೂತು ನೋಟು ಎಣಿಸಿ ಕೊಡುತ್ತಿದ್ದ. ಆ ತುಂಡನ್ನು ಹರಿದು ಓದಿ ಹೇಳುತ್ತಿದ್ದ. ಹಣ ಮುಟ್ಟಿದ್ದಕ್ಕೆ ತಾಯಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಆ ಹೆಬ್ಬೆಟ್ಟಿನ ರಸೀದಿ ವಾಪಸ್ ಮಗನಿಗೇ ಹೋಗುತ್ತಿತ್ತು. ತಿಂಗಳ ಹಣ ಬಂತೆಂದರೆ ಮಗ ಇದ್ದಾನೆ. ನೀಲಿ ಹೆಬ್ಬೆಟ್ಟು ಬಂತೆಂದರೆ ತಾಯಿ ಇದ್ದಾಳೆ. ಓದು ಬಾರದ ಇಬ್ಬರ ನಡುವೆ ಇದಕ್ಕಿಂತ ಗಟ್ಟಿ ಸುದ್ದಿ ಇನ್ನೇನಿದೆ? 2015ರ ಏಪ್ರಿಲ್‌ನಲ್ಲಿ ಹಳೆಯ ಮನಿಯಾರ್ಡರ್ ನಿಂತಿತು. ಈಗ ಸಂಬಳ ಬ್ಯಾಂಕಿಗೆ ಬೀಳುತ್ತದೆ, ಮೊಬೈಲಿಗೆ ಒಂದು ಮೆಸೇಜ್ ಬರುತ್ತದೆ. ಅದರಲ್ಲಿ ಅಪ್ಪನ ಔಷಧದ ಮಾತಿಲ್ಲ.

ತಂತಿ ಅಂದರೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ಹಳ್ಳಿಯಲ್ಲಿ ಒಳ್ಳೆಯ ಸುದ್ದಿಗೆ ತಂತಿ ಹೊಡೆಯುವವರು ಕಡಿಮೆ. 1962, 65, 71ರ ಯುದ್ಧಗಳಲ್ಲಿ ಮಡಿದವರ ಮನೆಗೆ ಬಂದಿದ್ದು ತಂತಿ, ಆಮೇಲೆ ಅವರ ಸಾಮಾನು. ಅಂತ್ಯಕ್ರಿಯೆ ಹೆಚ್ಚಾಗಿ ಗಡಿಯ ಹತ್ತಿರವೇ ಮುಗಿಯುತ್ತಿತ್ತು. ಪಾರ್ಥಿವ ಶರೀರವನ್ನು ಊರಿಗೇ ಕಳಿಸುವ ರೂಢಿ ಬಲವಾಗಿದ್ದು 1999ರ ಕಾರ್ಗಿಲ್ ಯುದ್ಧದಿಂದ. ತಂತಿಗೆ ಇನ್ನೊಂದು ಮುಖವೂ ಇತ್ತು. ಊರಿನಿಂದ 'ಮದರ್ ಸೀರಿಯಸ್, ಕಮ್ ಸೂನ್' ಎಂದು ಹೊಡೆಸಿದರೆ ಹುಡುಗನಿಗೆ ರಜೆ ಸಿಗುತ್ತಿತ್ತು. ತಾಯಿ ಹೊಲದಲ್ಲಿ ಕಸ ತೆಗೆಯುತ್ತಾ ಗಟ್ಟಿಮುಟ್ಟಾಗಿಯೇ ಇರುತ್ತಿದ್ದಳು! ಅಧಿಕಾರಿಗಳೂ ಇಂಥ ಸೀರಿಯಸ್ ತಾಯಂದಿರನ್ನು ಬಹಳ ಕಂಡವರೇ. 2013ರ ಜುಲೈನಲ್ಲಿ ತಂತಿ ಸೇವೆಯೇ ಮುಚ್ಚಿತು.

ಆಮೇಲೆ ಪಿಪಿ ನಂಬರಿನ ಕಾಲ. ಊರಿಗೊಂದೋ ಎರಡೋ ಫೋನು, ಕಿರಾಣಿ ಅಂಗಡಿಯಲ್ಲೋ ಗೌಡರ ಮನೆಯಲ್ಲೋ. ಹುಡುಗ ಎಸ್‌ಟಿಡಿ ಬೂತಿನ ಮುಂದೆ ಸರದಿ ನಿಲ್ಲುತ್ತಿದ್ದ. ರಾತ್ರಿ ದರ ಕಡಿಮೆ, ಅದಕ್ಕೆ ರಾತ್ರಿಯೇ ಮಾಡುತ್ತಿದ್ದ. ಅಂಗಡಿಯವರು ಒಬ್ಬ ಹುಡುಗನನ್ನು ಓಡಿಸಿ ಮನೆಯವರನ್ನು ಕರೆಸುತ್ತಿದ್ದರು. ತಾಯಿ ಬಂದು ಮುಟ್ಟುವಷ್ಟರಲ್ಲಿ ಮೀಟರ್ ಓಡಿರುತ್ತಿತ್ತು. ಅಂಗಡಿಯಲ್ಲಿ ಕೂತವರೆಲ್ಲ ಕೇಳುತ್ತಿರುವಾಗ ಹೆಂಡತಿ ಏನು ಮಾತಾಡಬೇಕು ಪಾಪ? 'ಹ್ಞೂಂ', 'ಹ್ಞೂಂ' ಅಂದು ಫೋನು ಇಡುತ್ತಿದ್ದಳು.

ಬೂತೇ ಇಲ್ಲದ ಎತ್ತರದ ಪೋಸ್ಟುಗಳಲ್ಲಿ ಸ್ಯಾಟಲೈಟ್ ಫೋನು ಬಂತು. ಪೋಸ್ಟಿಗೆ ಒಂದು ಫೋನು, ಎಲ್ಲರಿಗೂ ಸರದಿ, ಒಬ್ಬೊಬ್ಬರಿಗೆ ಕೆಲವೇ ನಿಮಿಷ. 2017ರವರೆಗೂ ನಿಮಿಷಕ್ಕೆ 5 ರೂಪಾಯಿ. ಆ ವರ್ಷ ದೀಪಾವಳಿಗೆ ಸರ್ಕಾರ ಅದನ್ನು 1 ರೂಪಾಯಿಗೆ ಇಳಿಸಿತು, ತಿಂಗಳ 500 ರೂಪಾಯಿ ಶುಲ್ಕವನ್ನೂ ಬಿಟ್ಟಿತು.

ಕಾಶ್ಮೀರಕ್ಕೆ ಮೊಬೈಲ್ ಬಂದಿದ್ದೇ 2003ರಲ್ಲಿ. ಹೊರಗಿನ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಅದಕ್ಕೇ ಹುಡುಗ ಅಲ್ಲಿಗೆ ಹೋದ ಕೂಡಲೇ ನಂಬರ್ ಬದಲಾಗುತ್ತದೆ. ಹೊಸ ನಂಬರಿನಿಂದ ಕರೆ ಬರುವವರೆಗೆ ಮನೆಯವರು ಹಳೆಯ ನಂಬರಿಗೇ ಒತ್ತುತ್ತಾ ಕೂರುತ್ತಾರೆ. 2019ರ ಆಗಸ್ಟ್ 5ರಂದು ಕಣಿವೆಯ ಫೋನುಗಳೇ ಬಂದಾದವು. ಪೋಸ್ಟ್‌ಪೇಯ್ಡ್ ಮೊಬೈಲ್ ಮತ್ತೆ ಶುರುವಾಗಿದ್ದು ಅಕ್ಟೋಬರ್ 14ಕ್ಕೆ.

ಸುದ್ದಿ ಬೇಗ ಬಂದರೆ ನಿಜವೇ ಬರುತ್ತದೆ ಅನ್ನುವ ಹಾಗಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಜನ ಸಿಕ್ಕಿಹಾಕಿಕೊಂಡರು. ಅವರಲ್ಲಿ ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಮರುದಿನವೇ ಹತ್ತೂ ಜನ ತೀರಿಕೊಂಡರೆಂದು ಅಧಿಕೃತವಾಗಿ ಹೇಳಲಾಯಿತು, ಪ್ರಧಾನಿಯ ಸಂತಾಪವೂ ಬಂತು. ಫೆಬ್ರವರಿ 8ರ ರಾತ್ರಿ ಹಿಮ ಅಗೆದಾಗ ಹನುಮಂತಪ್ಪ ಉಸಿರಾಡುತ್ತಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಎಂಟು ದಿನದಲ್ಲಿ ಒಂದೇ ಮನೆಗೆ ಸತ್ತ ಸುದ್ದಿ, ಬದುಕಿದ ಸುದ್ದಿ, ಮತ್ತೆ ಸತ್ತ ಸುದ್ದಿ. ಆ ವಾರ ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ಟಿವಿ ಆರಲಿಲ್ಲ. ಇದು ಯಾರದೋ ಉದಾಸೀನ ಅಂತ ನಾನು ಹೇಳುವುದಿಲ್ಲ. ಅಂಥ ಹಿಮದಡಿ ಒಬ್ಬರು ಬದುಕಿರಬಹುದೆಂದು ಯಾರೂ ಎಣಿಸಿರಲಿಲ್ಲ. ಲಡಾಖಿನ ಗಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆ ಘರ್ಷಣೆ ಆದಾಗಲೂ ಮೊದಲ ಸುದ್ದಿ ನಿಲ್ಲಲಿಲ್ಲ. 2020ರ ಜೂನ್ 16ರ ಮಧ್ಯಾಹ್ನ ಸೇನೆ ಹೇಳಿದ್ದು ಮೂವರು ಮಡಿದರು ಅಂತ. ರಾತ್ರಿ ಹೊತ್ತಿಗೆ ಆ ಸಂಖ್ಯೆ ಇಪ್ಪತ್ತಾಯಿತು. ಆ ನಡುವಿನ ಗಂಟೆಗಳನ್ನು ಲಡಾಖಿನಲ್ಲಿ ಮಗನಿದ್ದ ತಂದೆ ತಾಯಿ ಹೇಗೆ ಕಳೆದಿರಬಹುದು?

ಸೈನಿಕ ತನ್ನ ದಿನಚರಿಯನ್ನು ತಾನೇ ಊರಿಗೆಲ್ಲ ತೋರಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2017ರ ಜನವರಿಯಲ್ಲಿ ಬಿಎಸ್‌ಎಫ್‌ನ ತೇಜ್ ಬಹದ್ದೂರ್ ಯಾದವ್ ಕೊಡುವ ಊಟ ಸರಿಯಿಲ್ಲ ಎಂದು ವಿಡಿಯೊ ಹಾಕಿದರು. ದೇಶವೆಲ್ಲ ನೋಡಿತು. ಏಪ್ರಿಲ್‌ನಲ್ಲಿ ಅವರ ಕೆಲಸ ಹೋಯಿತು. 2020ರ ಜುಲೈನಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತು. ಹೆಣ್ಣಿನ ಹೆಸರಿನ ನಕಲಿ ಖಾತೆಗಳಿಂದ ಮಾಹಿತಿ ಕದಿಯುವ ಜಾಲ ಇರುವಾಗ ಇದು ಅತಿರೇಕವೇನಲ್ಲ. ದೆಹಲಿ ಹೈಕೋರ್ಟಿನಲ್ಲಿ ಒಬ್ಬ ಅಧಿಕಾರಿ ಇದನ್ನು ಪ್ರಶ್ನಿಸಿ ಸೋತರು. ಹುಡುಗ ಸುಮ್ನೆ ಒಂದು ಸೆಲ್ಫಿ ಕಳಿಸಿದರೂ ಹಿಂದಿನ ಬೆಟ್ಟದ ಗೆರೆಯಿಂದ ಜಾಗ ಗುರುತಿಸುವವರಿದ್ದಾರೆ. ಇತ್ತ ನೆಟ್‌ವರ್ಕ್ ಮಾತ್ರ ಏರುತ್ತಲೇ ಇದೆ. 2025ರ ಜನವರಿಯಲ್ಲಿ ಸಿಯಾಚಿನ್‌ಗೂ 5ಜಿ ಹೋಯಿತು. ಈಗ ಮುಖ ಕಾಣಿಸುತ್ತದೆ. ಆದರೆ ಮಾತು? 'ಆರಾಮ ಅದೀನಿ ಬೇ ಯವ್ವ, ಊಟ ಆತು. ಮಳಿ ಆತೇನ್? ತೊಗರಿ ಹೆಂಗದ?' ತೊಗರಿಯ ರೇಟು, ತಂಗಿಯ ಸಂಬಂಧ, ಬಾಜು ಹೊಲದವನ ಬದುವಿನ ತಕರಾರು ಎಲ್ಲ ಅವನಿಗೆ ಗೊತ್ತು. ಮನೆಯವರಿಗೆ ಮಾತ್ರ ಆ ಮುಖದ ಹಿಂದಿನ ಗೋಡೆ ಯಾವ ಊರಿನದೋ ಗೊತ್ತಿಲ್ಲ.

ಈ ಖಾಲಿ ಜಾಗವನ್ನು ಟಿವಿ ತುಂಬುತ್ತದೆ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ್ ನಡೆದಾಗ ಕರಾಚಿ ಬಂದರು ನಾಶವಾಯಿತು ಎಂಬಂಥ ಸುಳ್ಳುಗಳು ರಾತ್ರಿಯಿಡೀ ಓಡಿದವು. ಹೊರಗಿನವರಿಗೆ ಅದು ಉಮೇದಿನ ಸುದ್ದಿ. ಗಡಿಯಲ್ಲಿ ಮಗನಿರುವ ಮನೆಗೆ ಹಾಗಲ್ಲ. ಅಷ್ಟು ದೊಡ್ಡ ಯುದ್ಧ ಶುರುವಾಗಿದ್ದರೆ ಮಗ ಎಲ್ಲಿರಬಹುದು ಎಂಬ ಲೆಕ್ಕ ಅವರದು.

ಸೇನೆಯ ಬಳಿ ಕುಟುಂಬಗಳಿಗೆ ಏನೂ ಇಲ್ಲ ಅಂತಲ್ಲ. ಸೈನಿಕರ ಪತ್ನಿಯರಿಗಾಗಿ 'ಆವಾ' (AWWA) ಎಂಬ ಕಲ್ಯಾಣ ಸಂಘ 1966ರಿಂದ ಇದೆ. ಗಂಡ ಗಡಿಯಲ್ಲಿದ್ದಾಗ ಹೆಂಡತಿ ಮಕ್ಕಳು ಇರಲು ಕಂಟೋನ್ಮೆಂಟುಗಳಲ್ಲಿ ಮನೆಗಳೂ ಇವೆ. ಅಲ್ಲಿರುವವರಿಗೆ ಯೂನಿಟ್ಟಿನ ಸುದ್ದಿ ಒಬ್ಬರಿಂದೊಬ್ಬರಿಗೆ ಮುಟ್ಟುತ್ತದೆ. ಚಿಂಚೋಳಿಯ ತಾಂಡಾದಲ್ಲಿರುವ ತಾಯಿಗೆ ಇದರಲ್ಲಿ ಯಾವುದೂ ಇಲ್ಲ. ಬೀದರಿನವರ ತಲೆ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ದಿನಾ ಹಾರುತ್ತವೆ, ಆಕಾಶದಲ್ಲಿ ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ಮನೆಯೇ ಅದು. ಆದರೂ ಅರುಣಾಚಲದಲ್ಲಿರುವ ತಮ್ಮ ಹುಡುಗ ಹೇಗಿದ್ದಾನೆ ಎಂಬುದು ಅದರಿಂದ ಅವರಿಗೆ ಗೊತ್ತಾಗುವುದಿಲ್ಲ. ಮೂರೂ ಜಿಲ್ಲೆಗಳಿಗೆ ಸೇನಾ ಭರ್ತಿ ಕಚೇರಿ ಇರುವುದು ದೂರದ ಬೆಳಗಾವಿಯಲ್ಲಿ. ಭರ್ತಿ ಆದ ಮೇಲೆ ಅದಕ್ಕೂ ಮನೆಯವರಿಗೂ ಲೆಕ್ಕವಿಲ್ಲ.

ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಆಗಿರುವುದು ಫೋನಿನಲ್ಲಲ್ಲ, ರಜೆಯಲ್ಲಿ. ಸೈನಿಕನ ಕೆಲಸ ಏನೆಂದು ಊರಿಗೆ ಗೊತ್ತಾಗುತ್ತಿದ್ದುದು ಅವನು ಕರ್ನಾಟಕ ಎಕ್ಸ್‌ಪ್ರೆಸ್ಸಿನಿಂದ ಕಲಬುರಗಿಯಲ್ಲೋ ಯಾದಗಿರಿಯಲ್ಲೋ ಇಳಿದು ಮನೆಗೆ ಬಂದಾಗಲೇ. ಮೊದಲ ವಾರ ಏನೂ ಹೇಳುವುದಿಲ್ಲ. ಎರಡನೇ ವಾರ ಕಟ್ಟೆಯ ಮೇಲೆ ಗೆಳೆಯರ ಮುಂದೆ ಒಂದೊಂದೇ ಬಿಚ್ಚುತ್ತಾನೆ. ಹಿಮದಲ್ಲಿ ಬೆರಳು ಮರಗಟ್ಟಿದ್ದು, ಹೆಲಿಕಾಪ್ಟರ್ ಬಾರದೆ ಡಬ್ಬಿ ಊಟದಲ್ಲಿ ದಿನ ತಳ್ಳಿದ್ದು. ಹೋಗುವಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗುತ್ತಾನೆ. ಹಳೆಯ ಲೆಕ್ಕದ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. 2022ರಲ್ಲಿ ಬಂದ ಅಗ್ನಿಪಥದ ಅಗ್ನಿವೀರನಿಗೆ ವರ್ಷಕ್ಕೆ 30 ದಿನ. ದಾರಿಯ ದಿನ ಕಳೆದರೆ ಅವನು ಬಾಯಿ ಬಿಡುವ ಹೊತ್ತಿಗೆ ರಜೆ ಮುಗಿದಿರುತ್ತದೆ.

ಇಷ್ಟರಲ್ಲಿ ಮನೆಯವರು ಮಾಡಬಹುದಾದ ಒಂದು ಕೆಲಸ ಇದೆ. ಸೇನೆಯಲ್ಲಿ ಹೆಸರಿಗಿಂತ ನಂಬರ್ ಮುಖ್ಯ. ಹೆಸರು, ಊರು ಹೇಳಿದರೆ ಹುಡುಕುವುದು ಕಷ್ಟ. ಮಗ ರಜೆಗೆ ಬಂದಾಗ ಅವನ ಸೇನಾ ನಂಬರ್, ಹುದ್ದೆ, ಯೂನಿಟ್ಟಿನ ಪೂರ್ತಿ ಹೆಸರು, 9ರಿಂದ ಶುರುವಾಗುವ ಪಿನ್ ಬರೆಸಿಟ್ಟುಕೊಳ್ಳಿ. ಸೈನಿಕರ ದಾಖಲೆ ಇಡುವ, ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸ್ ಎಲ್ಲಿದೆ ಕೇಳಿ: ಮರಾಠಾ ಆದರೆ ಬೆಳಗಾವಿ, ಮದ್ರಾಸ್ ಆದರೆ ವೆಲ್ಲಿಂಗ್ಟನ್, ಎಂಇಜಿ ಆದರೆ ಬೆಂಗಳೂರು. ಹತ್ತಿರದವರು ಯಾರೆಂದು ಅಲ್ಲಿ ದಾಖಲಾಗಿರುವ ಹೆಸರು, ವಿಳಾಸ, ಫೋನ್ ನಂಬರ್ ಇವತ್ತಿನದೋ ಹಳೆಯದೋ ನೋಡಿಕೊಳ್ಳಲು ಅವನಿಗೆ ಹೇಳಿ. ಮದುವೆಯಾದ ಮೇಲೆ, ಮನೆ ಬದಲಿಸಿದ ಮೇಲೆ, ಸಿಮ್ ಬದಲಿಸಿದ ಮೇಲೆ ಇದನ್ನು ಸರಿ ಮಾಡಿಸದವರೇ ಬಹಳ.