ಪಿಎಂಪಿ ಮಾಡಿದ್ರೆ ಮುಂದೆ ಹೋಗಬಹುದಾ?

ತೋರಣಗಲ್ಲು, ಕುಡತಿನಿ, ಶಕ್ತಿನಗರ, ಗಿಣಿಗೇರಾ. ಕೇಳುವವರ ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ಸರ, ಗುತ್ತಿಗೆ ಕಂಪನಿಯೊಳಗ ಪ್ರಾಜೆಕ್ಟ್ ಮ್ಯಾನೇಜರ್ ಅದೀನಿ. ಪಿಎಂಪಿ ಒಂದು ಮಾಡಿಬಿಟ್ರ ಮುಂದ ಹೋಗಬಹುದೇನ್ರಿ?"

ಅದೊಂದರಿಂದಲೇ ಆಗಲ್ಲ. ಎಷ್ಟು ಸಲ ಹೇಳಿದರೂ ಈ ಭ್ರಮೆ ಹೋಗ್ತಾ ಇಲ್ಲ, ಹಾಗಾಗಿ ಇವತ್ತು ಪೂರ್ತಿ ಬಿಡಿಸಿ ಹೇಳ್ತೀನಿ.

ಪಿಎಂಪಿ ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್. ಪ್ರಾಜೆಕ್ಟ್ ನಡೆಸೋರಿಗೆ ಸರ್ಟಿಫಿಕೇಟ್ ಕೊಡುವ, ಅಮೆರಿಕದ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಸಂಸ್ಥೆಯ ಪರೀಕ್ಷೆ. 1984ರಿಂದ ನಡೀತಿದೆ. ಬಿಇ ಆದವರು ಅರ್ಜಿ ಹಾಕಬೇಕಾದರೆ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಇರಬೇಕು, ಡಿಪ್ಲೊಮಾದವರಿಗೆ ಇನ್ನೂ ಜಾಸ್ತಿ. ಮೇಲೆ 35 ಗಂಟೆ ತರಬೇತಿ. ಅಂದರೆ ಮೊದಲು ಕೆಲಸ, ಆಮೇಲೆ ಸರ್ಟಿಫಿಕೇಟ್. "ಪಿಎಂಪಿ ಮಾಡಿ, ಮ್ಯಾನೇಜರ್ ಆಗಿ" ಅನ್ನುವ ಕೋಚಿಂಗ್‌ನವರ ಬೋರ್ಡು ಇದನ್ನು ಪೂರಾ ಉಲ್ಟಾ ಮಾಡಿದೆ. ಅನುಭವ ಬರೆದುಕೊಡ್ತೀವಿ ಅನ್ನೋರೂ ಸಿಗ್ತಾರೆ. ನಂಬಬೇಡಿ. ಪಿಎಂಐ ಕೆಲವು ಅರ್ಜಿಗಳನ್ನು ಎತ್ತಿಕೊಂಡು ತಪಾಸಣೆ ಮಾಡುತ್ತೆ, ಆಗ ನಿಮ್ಮ ಹಳೇ ಸಾಹೇಬರೇ ಸಹಿ ಹಾಕಿಕೊಡಬೇಕು. ಪಾಸಾದರೆ ಜೀವನಪೂರ್ತಿ ನಡೆಯುತ್ತೆ ಅನ್ನೋದೂ ಸುಳ್ಳು. ಮೂರು ವರ್ಷಕ್ಕೊಮ್ಮೆ 60 ಪಿಡಿಯು (ಕಲಿಕೆಗೆ, ವೃತ್ತಿಯ ಕೆಲಸಕ್ಕೆ ಸಿಗುವ ಅಂಕ) ತೋರಿಸಿ ನವೀಕರಿಸಬೇಕು.

ಇನ್ನು ಸಂದರ್ಶನ. ನಮ್ಮ ಕಡೆಯ ಉಕ್ಕು, ವಿದ್ಯುತ್ ಪ್ಲಾಂಟ್‌ಗಳಲ್ಲಿ ಎದುರಿಗೆ ಕೂತವರು ಏನು ಕೇಳ್ತಾರೆ ಗೊತ್ತಲ್ವಾ? ಎಷ್ಟು ಟನ್ ಎರೆಕ್ಷನ್ (ಉಕ್ಕಿನ ಚೌಕಟ್ಟು, ಯಂತ್ರ ಎತ್ತಿ ನಿಲ್ಲಿಸೋದು) ಮಾಡಿಸಿದ್ರಿ, ಶಟ್‌ಡೌನ್ (ಪ್ಲಾಂಟ್ ನಿಲ್ಲಿಸಿ ಮಾಡುವ ಕೆಲಸ) ಎಷ್ಟು ದಿನ ತಡವಾಯ್ತು, ತಡವಾದದ್ದಕ್ಕೆ ದಂಡ ಯಾರ ಬಿಲ್ಲಿನಲ್ಲಿ ಮುರಿದರು. ಇದಕ್ಕೆ ಉತ್ತರ ಇಲ್ಲದವರ ಸರ್ಟಿಫಿಕೇಟ್ ಯಾರೂ ತಿರುಗಿಸಿ ನೋಡಲ್ಲ. ಗಲ್ಫ್‌ಗೆ, ಕನ್ಸಲ್ಟೆನ್ಸಿಗೆ, ಐಟಿಗೆ ಹೋಗೋರಿಗೆ ಬಯೋಡೇಟಾ ಸೋಸುವ ಹಂತದಲ್ಲಿ ಅದು ಉಪಯೋಗಕ್ಕೆ ಬರುತ್ತೆ, ಇಲ್ಲ ಅನ್ನಲ್ಲ.

ಹಾಗಾದರೆ ದಾರಿ ಯಾವುದು? ಕೆಲಸದ ವೇಳಾಪಟ್ಟಿ ಹಾಕುವ ಪ್ರೈಮಾವೆರಾ ಸಾಫ್ಟ್‌ವೇರ್ ಚೆನ್ನಾಗಿ ಕಲಿತು ಪ್ಲಾನಿಂಗ್ ಕಡೆ ಹೋಗಬಹುದು. ಗುತ್ತಿಗೆದಾರರ ಕಡೆಯಿಂದ ಮಾಲೀಕ ಕಂಪನಿಯ ಕಡೆಗೆ ದಾಟಬಹುದು. ಸೈಟ್ ಮುಗಿದ ಕೂಡಲೇ ಗಂಟುಮೂಟೆ ಕಟ್ಟುವ ತಾಪತ್ರಯ ಅಲ್ಲಿ ಕಡಿಮೆ. ನಾಲ್ಕೈದು ಪ್ರಾಜೆಕ್ಟ್ ಒಟ್ಟಿಗೆ ನೋಡುವ ಪ್ರೋಗ್ರಾಂ ಮ್ಯಾನೇಜರ್ ಆಗಬಹುದು. ನನ್ನನ್ನು ಕೇಳಿದರೆ ಕಾಂಟ್ರ್ಯಾಕ್ಟ್ಸ್ ಮತ್ತು ಕ್ಲೇಮ್ಸ್, ಅಂದರೆ ಒಪ್ಪಂದದ ಕಾಗದ ನೋಡಿಕೊಂಡು, ಬರಬೇಕಾದ ಹೆಚ್ಚುವರಿ ದುಡ್ಡು, ದಿನ ಕೇಳಿ ಪಡೆಯುವ ಕೆಲಸ. ಸೈಟೂ ಗೊತ್ತಿದ್ದು ಕಾಗದವೂ ಗೊತ್ತಿರೋರು ಸಿಗೋದೇ ಕಷ್ಟ.

ಕಾಗದ ಅಂದಾಗ ನೆನಪಾಯ್ತು. ಹಿಂಡ್ರೆನ್ಸ್ ರಿಜಿಸ್ಟರ್, ಅಂದರೆ ಕೆಲಸಕ್ಕೆ ಬಂದ ಅಡಚಣೆ ಬರೆದಿಡುವ ಪುಸ್ತಕ, ಅದರ ಬಗ್ಗೆ ಯಾರೂ ಕೇಳಲ್ಲ, ಆದ್ರೂ ಹೇಳ್ತೀನಿ. ಡ್ರಾಯಿಂಗ್ ಬರಲಿಲ್ಲ, ಕ್ರೇನಿಗೆ ಗೇಟ್ ಪಾಸ್ ಸಿಗಲಿಲ್ಲ, ಜಾಗ ಖಾಲಿ ಮಾಡಿಕೊಡಲಿಲ್ಲ. ಅಡಚಣೆ ಶುರುವಾದ ತಾರೀಖು, ನಿಂತ ಕೆಲಸ, ತೆರವಾದ ತಾರೀಖು, ಕ್ಲೈಂಟ್ ಎಂಜಿನಿಯರ್ ಸಹಿ, ಇಷ್ಟು ಬೇಕು. ಡ್ರಾಯಿಂಗ್‌ಗೆ ಹತ್ತು ದಿನ ಕಾದಿದ್ದೀರಿ, ಅದೇ ಹೊತ್ತಲ್ಲಿ ಗೇಟ್ ಪಾಸಿಗೆ ಆರು ದಿನ ಅಂದುಕೊಳ್ಳಿ. ಹದಿನಾರು ದಿನ ಕೇಳಿದರೆ ಕೊಡಲ್ಲ. ಒಂದರ ಮೇಲೊಂದು ಬಿದ್ದ ದಿನಗಳನ್ನು ಒಂದೇ ಸಲ ಲೆಕ್ಕ ಹಿಡಿಯೋದು. ಈ ದಾಖಲೆ ಸರಿಯಿಲ್ಲದಿದ್ದರೆ ಅವಧಿ ವಿಸ್ತರಣೆ ಸಿಗೋದು ಕಷ್ಟ, ದಂಡ ಮಾತ್ರ ಬಿಲ್ಲಿನಲ್ಲೇ ಹೋಗುತ್ತೆ. ವಾಟ್ಸಾಪ್‌ನಲ್ಲಿ ಕ್ಲೈಂಟ್ ಕಡೆಯವರು "ಓಕೆ" ಅಂದಿದ್ದನ್ನೇ ನೆಚ್ಚಿಕೊಂಡು ಕೂರಬೇಡಿ. ರಿಜಿಸ್ಟರನ್ನು ಹೊಸ ಹುಡುಗನ ತಲೆಗೆ ಕಟ್ಟದೆ ವಾರಕ್ಕೊಮ್ಮೆ ನೀವೇ ತೆರೆದು ನೋಡಿ. ಸಹಿ ಹಾಕಲು ಅವರು ಸತಾಯಿಸಿದರೆ ಅದೇ ಸಂಜೆ ಇಮೇಲ್ ಹಾಕಿ. ಅದರಲ್ಲಿ ವರ್ಕ್ ಆರ್ಡರ್ ನಂಬರ್ ಬರೆಯೋದು ಮರೀಬೇಡಿ.