ಚಳಿ ಆಗೋದು ನನಗೆ, ನಾನೇ ಚಳಿಯಲ್ಲ

ಡಿಸೆಂಬರ್ ಬಂತೆಂದರೆ ನನ್ನ ಕ್ಲಾಸಿನಲ್ಲಿ ಒಬ್ಬರಾದರೂ ಈ ಮಾತು ಹೇಳುತ್ತಾರೆ: ‘ಇಶ್ ಬಿನ್ ಕಾಲ್ಟ್.’ ಚಳಿ ಆಗ್ತಿದೆ ಮೇಡಂ, ಕಿಟಕಿ ಮುಚ್ಚಲಾ ಅನ್ನುವುದು ಅವರ ಉದ್ದೇಶ. ಜರ್ಮನ್ನರ ಕಿವಿಗೆ ಮಾತ್ರ ಅದು ‘ನಾನು ಕರುಣೆ ಇಲ್ಲದ ಮನುಷ್ಯ’ ಎಂಬ ಥರ ಕೇಳಿಸೀತು. ಸರಿಯಾದ ಮಾತು ‘ಮಿಯರ್ ಇಸ್ಟ್ ಕಾಲ್ಟ್’. ಮಿಯರ್ ಅಂದರೆ ನನಗೆ. ನನಗೆ ಚಳಿ.

ತಮಾಷೆ ನೋಡಿ. ಆ ಹುಡುಗ ಕನ್ನಡದಲ್ಲಿ ಯೋಚಿಸಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ನಾವು ಯಾರೂ ‘ನಾನು ಚಳಿಯಾಗಿದ್ದೇನೆ’ ಅನ್ನುವುದಿಲ್ಲ. ಚಳಿ, ಹಸಿವು, ಇಷ್ಟ ಎಲ್ಲ ನಮ್ಮಲ್ಲಿ ‘ನನಗೆ’ ಆಗುವಂಥವು. ಆದರೆ ಅವನು ಮೊದಲು ಇಂಗ್ಲಿಷಿಗೆ ಹೋದ, ‘ಐ ಆಮ್ ಕೋಲ್ಡ್’ ಅಂದುಕೊಂಡ, ಅಲ್ಲಿಂದ ಜರ್ಮನ್‌ಗೆ ಬಂದ. ಎರಡು ಬಸ್ ಬದಲಾಯಿಸಿ ಪಕ್ಕದ ಬೀದಿಗೆ ಬಂದ ಹಾಗೆ.

ಕಾಲೇಜಿನಲ್ಲಿ ಜರ್ಮನ್ ಕಲಿಸಲು ಶುರು ಮಾಡಿ 17 ವರ್ಷ ಆಯಿತು. ಕೆಲವರು ಮಾರ್ಕ್ಸ್ ಬರುತ್ತೆ ಅಂತ ಇದನ್ನು ಎರಡನೇ ಭಾಷೆಯಾಗಿ ತೆಗೆದುಕೊಳ್ಳುತ್ತಾರೆ. ಕೆಲವರಿಗೆ ಮುಂದೆ ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ. ಎಲ್ಲರೂ ಸೇರಿ ಮಾಡುವ ಒಂದು ಕೆಲಸವಿದೆ: ಚಪ್ಪಲಿ ಬಿಟ್ಟ ಹಾಗೆ ಕನ್ನಡವನ್ನು ಕ್ಲಾಸಿನ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ. ಪುಸ್ತಕ ಇಂಗ್ಲಿಷಿನದು, ವಿವರಣೆ ಇಂಗ್ಲಿಷಿನಲ್ಲಿ, ನಾನೂ ಎಷ್ಟೋ ವರ್ಷ ಹಾಗೆಯೇ ಕಲಿಸಿದೆ.

ಈಗ ಹಾಗೆ ಮಾಡುವುದಿಲ್ಲ. ಜರ್ಮನ್‌ನ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಹಿಡಿದು ಹೊರಟವರಿಗೆ ಇದು ದೊಡ್ಡ ತಲೆನೋವು. ಬೋರ್ಡಿನ ಮೇಲೆ ‘ವೈಲ್ ಇಶ್ ಹೊಯ್ಟೆ ಡಾಯ್ಚ್ ಲೆರ್ನೆ’ ಅಂತ ಬರೆದು, ಒಂದೊಂದು ಪದದ ಕೆಳಗೂ ಕನ್ನಡ ಬರೆಯುತ್ತೇನೆ: ಯಾಕೆಂದರೆ, ನಾನು, ಇವತ್ತು, ಜರ್ಮನ್, ಕಲಿಯುತ್ತೇನೆ. ಒಂದು ಪದವೂ ಜಾಗ ಬದಲಿಸುವುದಿಲ್ಲ. ಹಿಂದಿನ ಬೆಂಚಿನಿಂದ ‘ಅಷ್ಟೇನಾ?’ ಅಂತ ದನಿ ಬರುತ್ತದೆ. ಅಷ್ಟೇ. ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗಕ್ಕೆ ಬರುತ್ತದೆ, ಅದನ್ನು ಬೇರೆ ದಿನ ನೋಡೋಣ.

ಮಾರುದ್ದದ ಜರ್ಮನ್ ಪದಗಳಿಗೂ ಸುಮ್ನೆ ಹೆದರುತ್ತಾರೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸಮಾಸವೇ ಅದು. ‘ಹಾಂಟ್’ ಅಂದರೆ ಕೈ, ‘ಶೂ’ ಅಂದರೆ ಶೂ. ‘ಹಾಂಟ್‌ಶೂ’ ಅಂದರೆ ಕೈಗವಸು. ಕೈ ಅಲ್ಲಿ ಸ್ತ್ರೀಲಿಂಗ, ಶೂ ಪುಲ್ಲಿಂಗ. ಇಡೀ ಪದದ ಲಿಂಗ ಯಾವುದು? ಪುಲ್ಲಿಂಗ, ಕೊನೆಯ ಪದದ್ದು. ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನ ಅಂತ ಮೇಷ್ಟ್ರು ಹೇಳಿದ್ದರಲ್ವಾ? ಕಣ್ಣೀರು ಒಂದು ಬಗೆಯ ನೀರು, ಕಣ್ಣಲ್ಲ. ಅದೇ ಲೆಕ್ಕ.

ಕನ್ನಡ ಕೈಕೊಡುವ ಜಾಗವೂ ಇದೆ. ನಮ್ಮ ಲಿಂಗ ಅರ್ಥ ನೋಡಿ ಬರುತ್ತದೆ. ಅಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಒಂದೇ ತಟ್ಟೆಯ ಸುತ್ತ ಮೂರು ಲಿಂಗ! ಇದಕ್ಕೆ ಅಡ್ಡದಾರಿ ಇಲ್ಲ, ಪದವನ್ನು ಅದರ ಲಿಂಗ ತೋರಿಸುವ ಡೆರ್, ಡೀ, ದಾಸ್ ಜೊತೆಗೇ ಕಲಿಯಬೇಕು. ‘ಮೇಡ್‌ಶೆನ್’, ಅಂದರೆ ಹುಡುಗಿ, ನಪುಂಸಕಲಿಂಗ ಎಂದಾಗ ಇಡೀ ಕ್ಲಾಸು ನಗುತ್ತದೆ. ‘ಶೆನ್’ ಎಂಬುದು ಪುಟ್ಟದನ್ನು ಹೇಳುವ ಪ್ರತ್ಯಯ, ಅದು ಸೇರಿದ ಪದವೆಲ್ಲ ನಪುಂಸಕ. ಒಂದು ವರ್ಷ ನಗದೆ ಕೂತಿದ್ದವಳು ಶಿರಸಿ ಕಡೆಯ ಹವ್ಯಕರ ಹುಡುಗಿ. ‘ಮನೇಲಿ ನಾವೂ ಅಕ್ಕ ಬಂತು ಅಂತಲೇ ಹೇಳೋದು’ ಅಂದಳು.

ಉಚ್ಚಾರಕ್ಕೂ ಒಂದು ಉಪಾಯ ಹೇಳಿಬಿಡುತ್ತೇನೆ. ಯು ಅಕ್ಷರದ ಮೇಲೆ ಎರಡು ಚುಕ್ಕಿ ಕಂಡರೆ ನಾಲಿಗೆಯಲ್ಲಿ ‘ಈ’ ಹೇಳುತ್ತಾ ತುಟಿಯನ್ನು ‘ಊ’ಗೆ ದುಂಡಗೆ ಮಾಡಿ. ಕನ್ನಡಿ ಮುಂದೆ ಮಾಡಿ, ಯಾರೂ ಇಲ್ಲದಾಗ.

ಇನ್ನು ನೀನು–ನೀವು. ‘ದು’ ಮತ್ತು ‘ಜೀ’ ನಮಗೆ ಹೊಸದಲ್ಲ. ಅಮ್ಮನಿಗೂ ದೇವರಿಗೂ ಅವರೂ ನೀನು ಅನ್ನುತ್ತಾರೆ, ನಾವೂ ಅನ್ನುತ್ತೇವೆ. ಕಾಲೇಜಿನಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಮೇಷ್ಟ್ರು ಹುಡುಗರಿಗೆ ನೀನು ಅನ್ನುತ್ತಾರೆ. ಅಲ್ಲಿ ಪ್ರೊಫೆಸರರು ವಿದ್ಯಾರ್ಥಿಗೆ ಸಾಮಾನ್ಯವಾಗಿ ನೀವು ಅನ್ನುತ್ತಾರೆ, ಅಡ್ಡಹೆಸರು, ಅಂದರೆ ಸರ್‌ನೇಮ್, ಹಿಡಿದು ಕರೆಯುತ್ತಾರೆ. ನನಗೆ ಅಡ್ಡಹೆಸರು ಇಲ್ಲ, ಇರುವುದು ಅಪ್ಪನ ಹೆಸರಿನ ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದಿದ್ದರಿಂದ, ಓದಲು ಹೋದಾಗ ಒಂದು ವರ್ಷ ಪೂರ್ತಿ ಎಲ್ಲರೂ ಅಪ್ಪನ ಹೆಸರಿನ ಮುಂದೆ ‘ಫ್ರೌ’ ಸೇರಿಸಿ, ಶ್ರೀಮತಿ ಅಂದ ಹಾಗೆ, ನನ್ನನ್ನು ಕರೆದರು. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ನಕ್ಕಿದ್ದೇ ನಕ್ಕಿದ್ದು.

ಅದೇ ವರ್ಷದ ಇನ್ನೊಂದು ಪೇಚು. ‘ಹಾಲ್ಪ್ ದ್ರೈ’ಗೆ ಬನ್ನಿ ಎಂದಿದ್ದರು. ಹಾಲ್ಪ್ ಅರ್ಧ, ದ್ರೈ ಮೂರು. ಮೂರೂವರೆಗೆ ಹೋದೆ. ಕೋಣೆಗೆ ಬೀಗ. ಅದರ ಅರ್ಥ ಎರಡೂವರೆ! ನಾವು ಮುಗಿದ ಗಂಟೆಗೆ ಅರ್ಧ ಕೂಡಿಸುತ್ತೇವೆ, ಅವರು ಬರುವ ಗಂಟೆಯ ಕಡೆ ಅರ್ಧ ದಾರಿ ನಡೆದಿದ್ದೇವೆ ಅಂತ ಎಣಿಸುತ್ತಾರೆ. ಈ ಪಾಠ ಮಾಡುವ ದಿನ ಈಗಲೂ ಆ ಬೀಗ ಕಣ್ಣ ಮುಂದೆ ಬರುತ್ತದೆ.

ಹೊರಗೆ ಓದುವ ಆಸೆ ಇರುವವರಿಗೆ ಒಂದು ಮಾತು. ಜರ್ಮನ್ ಕಲಿಕೆಗೆ ಎ1ರಿಂದ ಸಿ2ವರೆಗೆ 6 ಹಂತಗಳಿವೆ. ಬಿ1 ಮುಗಿಸಿ ಇನ್ನೇನು ಆಯ್ತು ಎನ್ನುವವರು ಜಾಸ್ತಿ. ಜರ್ಮನ್‌ನಲ್ಲೇ ಪಾಠ ನಡೆಯುವ ಕೋರ್ಸಿಗೆ ಸಾಮಾನ್ಯವಾಗಿ ಕೇಳುವುದು ಟೆಸ್ಟ್‌ಡಾಫ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 4ನೇ ಮಟ್ಟ. ಬಿ1 ಅಲ್ಲಿಗೆ ಸಾಲದು.

ಇಂಗ್ಲಿಷ್ ನಡುವೆ ನಿಲ್ಲುವುದು ಇವತ್ತಿನ ಕಥೆಯೂ ಅಲ್ಲ. 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಬಂದ ಫರ್ಡಿನಂಡ್ ಕಿಟ್ಟೆಲ್ ಅವರ ತಾಯ್ನುಡಿ ಜರ್ಮನ್, ಕಲಿತದ್ದು ಕನ್ನಡ. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ಕನ್ನಡ–ಇಂಗ್ಲಿಷ್!

ಸಂಸ್ಕೃತಿಯ ಪಾಠಕ್ಕೆ ನಾನು ಹಬ್ಬ, ಊಟ, ಕೋಟೆಗಳ ಪಟ್ಟಿ ಕೊಡುವುದಿಲ್ಲ. ಒಂದು ಕಲ್ಲಿನ ಫೋಟೋ ತೋರಿಸುತ್ತೇನೆ. ‘ಶ್ಟೋಲ್‌ಪರ್‌ಶ್ಟೈನ್’, ಎಡವುವ ಕಲ್ಲು. ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಕಲೋನಿನಲ್ಲಿ ಶುರು ಮಾಡಿದ್ದು. ನಾಜಿಗಳು ಹೊತ್ತೊಯ್ದ, ಕೊಂದ ಜನ ಕೊನೆಗೆ ತಾವಾಗಿ ಆರಿಸಿಕೊಂಡು ಬಾಳಿದ ಮನೆಯ ಮುಂದಿನ ಫುಟ್‌ಪಾತಿನಲ್ಲಿ 10 ಸೆಂಟಿಮೀಟರಿನ ಕಲ್ಲು, ಮೇಲೊಂದು ಹಿತ್ತಾಳೆ ತಗಡು. ಯೂರೋಪಿನ ಉದ್ದಗಲಕ್ಕೆ ಇವು 1 ಲಕ್ಷ ದಾಟಿವೆ. ಬರಹ ಮೊದಲ ವರ್ಷದವರೂ ಓದುವಷ್ಟು ಚಿಕ್ಕದು: ಇಲ್ಲಿ ವಾಸವಿದ್ದರು, ಹೆಸರು, ಹುಟ್ಟಿದ ವರ್ಷ, ಗಡೀಪಾರು 1942, ಕೊನೆಯ ಪದ ‘ಎರ್ಮೋರ್ಡೆಟ್’, ಕೊಲೆಯನ್ನು ಹೇಳುವ ಪದ.

ಇದನ್ನು ಕನ್ನಡಕ್ಕೆ ತನ್ನಿ ಎಂದೆ. ಮೊದಲು ಬಂದದ್ದು ‘ತೀರಿಕೊಂಡರು’. ಸತ್ತವರ ಬಗ್ಗೆ ಮೆತ್ತಗೆ ಮಾತಾಡುವುದು ನಮ್ಮ ರೂಢಿ. ಆದರೆ ಜರ್ಮನ್‌ನಲ್ಲಿ ತೀರಿಕೊಳ್ಳುವುದಕ್ಕೆ ಬೇರೆ ಪದವಿದೆ, ಅದನ್ನು ಇಲ್ಲಿ ಬೇಕೆಂದೇ ಬಳಸಿಲ್ಲ. ಇನ್ನೊಬ್ಬ ‘ಕೊಲ್ಲಲ್ಪಟ್ಟರು’ ಎಂದ. ವ್ಯಾಕರಣ ಸರಿ, ಪೇಪರಿನ ಭಾಷೆ ಥರ ಇದೆ ಅಂತ ಉಳಿದವರು ಗೊಣಗಿದರು. ಮೂರನೆಯವಳು ‘ಕೊಂದರು’ ಎಂದಳು. ಯಾರು ಕೊಂದರು ಅಂತ ಪಕ್ಕದವನು ಕೇಳಿದ. ಹೆಸರಿಲ್ಲ, ಆದರೆ ‘ಅರು’ ಅಂತ ಕೊನೆಗೆ ಇದೆಯಲ್ಲ, ಯಾರೋ ಜನ ಮಾಡಿದರು ಅಂತ ಗೊತ್ತಾಗುತ್ತೆ ಎಂದಳು. ಜರ್ಮನ್ ಪದದಲ್ಲಿ ಆ ‘ಅರು’ ಇಲ್ಲ. ‘ಕೊಲೆಯಾದರು’ ಅನ್ನೋಣ ಎಂದಿತು ಇನ್ನೊಂದು ದನಿ. ಅರ್ಧ ಗಂಟೆ ಜಗಳ, ಪೂರ್ತಿ ಕನ್ನಡದಲ್ಲಿ, ಒಂದು ಜರ್ಮನ್ ಪದದ ಬಗ್ಗೆ.

ಪರೀಕ್ಷೆಯಲ್ಲಿ ಯಾವುದು ಬರೆಯಬೇಕು ಅಂತ ಕೊನೆಗೆ ಕೇಳಿಯೇ ಕೇಳಿದರು. ಮೂರಕ್ಕೂ ಅಂಕ ಕೊಡುತ್ತೇನೆ, ‘ತೀರಿಕೊಂಡರು’ಗೆ ಮಾತ್ರ ಇಲ್ಲ ಎಂದೆ.