ತಂಬಿಗೆ ಹಾಗೇ ವಾಪಸ್ ಬಂತು

ಬೆಳಗಾವಿಯ ಒಂದು ಆಸ್ಪತ್ರೆ. ಐಸಿಯು ಬಾಗಿಲ ಮುಂದೆ ನಾವು ಐದು ಜನ. ಒಳಗೆ ದೊಡ್ಡವ್ವನಿಗೆ ಉಸಿರು ಹತ್ತಿತ್ತು. "ವೆಂಟಿಲೇಟರ್ ಹಾಕೂಣೇನ್ರಿ? ಲಗೂ ಹೇಳ್ರಿ" ಎಂದರು ಡಾಕ್ಟರು. ಮಗ ಹೂಂ ಅಂದ, ಮಗಳು ಬ್ಯಾಡ ಅಂದಳು. ದೊಡ್ಡವ್ವನಿಗೆ ಏನು ಬೇಕಿತ್ತೋ, ಒಬ್ಬರೂ ಎಂದೂ ಕೇಳಿರಲಿಲ್ಲ. ಕೊನೆಗೆ ಹಾಕಿದರು.

ನಾವು ಉಸಿರೆಳೆದಾಗ ಎದೆ ಹಿಗ್ಗಿ ಗಾಳಿ ತಾನಾಗಿ ಒಳಗೆ ಬರುತ್ತದೆ. ವೆಂಟಿಲೇಟರ್ ಗಾಳಿಯನ್ನು ಒತ್ತಿ ತುಂಬುತ್ತದೆ. ಬಾಯಿಂದ ಇಳಿಸಿದ ನಳಿಕೆ ಗಂಟಲಿನ ಧ್ವನಿತಂತುಗಳ ನಡುವೆಯೇ ಹಾದು ಹೋಗುವುದರಿಂದ ಮಾತು ನಿಂತುಬಿಡುತ್ತದೆ. ನ್ಯುಮೋನಿಯಾದಂಥ ಕಾಯಿಲೆಯಲ್ಲಿ ಔಷಧಿ ಕೆಲಸ ಮಾಡುವವರೆಗೆ ಈ ಯಂತ್ರ ಜೀವ ಹಿಡಿದಿಡುತ್ತದೆ. ಅದರಿಂದ ಎದ್ದು ಮನೆಗೆ ಬಂದವರು ಎಷ್ಟೋ ಜನ. ಆದರೆ ರೋಗವನ್ನು ವಾಸಿ ಮಾಡುವುದು ಅದರ ಕೆಲಸವಲ್ಲ.

ದೊಡ್ಡವ್ವ ಏಳಲಿಲ್ಲ. ಬಾಯಿಗೆ ನೀರು ಬಿಡೋಣ ಅಂತ ಅಕ್ಕ ಸಣ್ಣ ತಂಬಿಗೆ ತಂದಿದ್ದಳು. ನಳಿಕೆ ಇದ್ದ ಬಾಯಿಗೆ ನೀರು ಹೇಗೆ ಬಿಡೋದು?

ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಮೇಲೆ ಓದಿದೆ. 60 ದಾಟಿದ, ಕಾಯಿಲೆ ಬಲಿತ 226 ಜನರನ್ನು ಕೇಳಿದ್ದರು. ಹಗುರ ಚಿಕಿತ್ಸೆಯಿಂದ ಮೊದಲಿನಂತೆ ಆಗುವುದಾದರೆ ಹೆಚ್ಚುಕಡಿಮೆ ಎಲ್ಲರೂ ಬೇಕು ಅಂದರು. ಜೀವ ಉಳಿದರೂ ಹಾಸಿಗೆ ಹಿಡಿಯಬೇಕಾದರೆ? ಸುಮಾರು 74% ಜನ ಬೇಡ ಅಂದರು. ನೆನಪು, ಬುದ್ಧಿ ಹೋಗುವುದಾದರೆ ಬೇಡ ಅಂದವರು ಸುಮಾರು 89%. ಚಿಕಿತ್ಸೆಗಿಂತ, ಅದಾದ ಮೇಲೆ ಹೇಗಿರುತ್ತೇನೆ ಅನ್ನುವುದೇ ಅವರಿಗೆ ದೊಡ್ಡದಾಗಿತ್ತು. ನಮಗೆ ಕಾರಿಡಾರಿನಲ್ಲಿ ಆ ಪ್ರಶ್ನೆ ಹೊಳೆಯಲೇ ಇಲ್ಲ. ರೋಗಿಗೆ ಏನು ಬೇಕು ಅನ್ನುವ ಮನೆಯವರ ಊಹೆಯಾದರೂ ಸರಿ ಇರುತ್ತದಾ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ನೋಡಿದಾಗ ಸರಿಯಾಗಿದ್ದದ್ದು 68% ಮಾತ್ರ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅನ್ನುವುದನ್ನು ನಮ್ಮಲ್ಲಿ ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸುಲಭ ಮಾಡಿತು: ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಜಮಖಂಡಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಧೈರ್ಯ ಮಾಡಿ ಕೇಳಿದೆ. ಕೈ ನಿಲ್ಲಿಸದೆಯೇ ಹೇಳಿದಳು: "ನಿಮ್ಮ ಗುರ್ತ ಹಿಡಿಯೂದು ಆಗಲಿಲ್ಲಂದ್ರ ಮನಿಗೆ ಕರಕೊಂಡ್ ಬರ್ರಿ." ಅಪ್ಪನೂ ಇದನ್ನೇ ಹೇಳುತ್ತಾನೆ ಅಂದುಕೊಂಡಿದ್ದೆ. ಕಟ್ಟೆಯ ಮೇಲಿಂದಲೇ ಕೂಗಿದ: "ನನಗ ಮಾತ್ರ ಏನೇನ ಐತಿ ಎಲ್ಲಾ ಮಾಡಸ್ರಿ!"